ಸಾದಿ ಗಡಾಫಿ ಸೀರಿ ಎ ಆಡಿಯೇ ಇಲ್ಲವೇ? ಸ್ಪಷ್ಟನೆ

ಲಿಬಿಯಾದ ಫುಟ್‌ಬಾಲ್ ಸ್ಟ್ರೈಕರ್, ಆ ದೇಶವನ್ನು ಆಳಿದ ಮುಅಮ್ಮರ್ ಗಡಾಫಿಯ ಮಗ ಸಾದಿ ಇಟಲಿಯಲ್ಲಿ ಮೂರು ಕ್ಲಬ್ ಸೇರಿದರೂ ಒಂದು ನಿಮಿಷವೂ ಆಡಲಿಲ್ಲ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಅವರು ಇಟಲಿಯ ಅಗ್ರ ಲೀಗ್ ಸೀರಿ ಎಯಲ್ಲಿ ಎರಡು ಪಂದ್ಯ ಆಡಿದ್ದಾರೆ, ಎರಡರಲ್ಲೂ ಬದಲಿ ಆಟಗಾರನಾಗಿ.

2003ರಲ್ಲಿ ಪೆರುಜಾ ಕ್ಲಬ್ ಸೇರಿದ ಸಾದಿಗೆ ಅವಕಾಶ ಸಿಕ್ಕಿದ್ದು 2004ರ ಮೇ 2ರಂದು, ಯುವೆಂಟಸ್ ವಿರುದ್ಧ. ಜೇ ಬಾತ್‌ರಾಯ್ಡ್ ಜಾಗಕ್ಕೆ ಇಳಿದು ಕೊನೆಯ ಸುಮಾರು 15 ನಿಮಿಷ ಆಡಿದರು. ಪೆರುಜಾ 1-0 ಗೆದ್ದಿತು. ಎರಡನೆಯದು 2005-06ರಲ್ಲಿ ಉಡಿನೇಸೆ ಪರ ಕಾಲ್ಯಾರಿ ವಿರುದ್ಧ, ಸುಮಾರು 10 ನಿಮಿಷ. ಸಂಪ್ಡೋರಿಯಾದಲ್ಲಿ ಮಾತ್ರ ಲೀಗ್ ಪಂದ್ಯ ನಿಜಕ್ಕೂ ಸಿಗಲಿಲ್ಲ. ಗೋಲು ಎಲ್ಲಿಯೂ ಇಲ್ಲ.

ಗೊಂದಲ ಹೆಚ್ಚಿಸುವುದು ಡೋಪಿಂಗ್ ಪ್ರಕರಣ. 2003ರ ಅಕ್ಟೋಬರ್‌ನಲ್ಲಿ ರೆಜ್ಜಿನಾ ವಿರುದ್ಧದ ಪಂದ್ಯದ ನಂತರದ ಪರೀಕ್ಷೆಯಲ್ಲಿ ನಿಷೇಧಿತ ಸ್ಟೆರಾಯ್ಡ್ ನ್ಯಾಂಡ್ರೊಲೋನ್ ಪತ್ತೆಯಾಗಿ ಮೂರು ತಿಂಗಳ ನಿಷೇಧ ಬಿತ್ತು. ಪರೀಕ್ಷೆ ಆಯಿತೆಂದರೆ ಆಡಿದರು ಎಂದರ್ಥವಲ್ಲ: ಅಂದು ಅವರು ಬೆಂಚಿನಲ್ಲೇ ಇದ್ದರು, ಬೆಂಚಿನವರನ್ನೂ ಪರೀಕ್ಷೆಗೆ ಕರೆಯಬಹುದು. ಆಡಿದ ಪಂದ್ಯ ಎಣಿಸುವಾಗ ತಂಡದ ಪಟ್ಟಿಯನ್ನಲ್ಲ, ಮೈದಾನಕ್ಕಿಳಿದ ನಿಮಿಷಗಳನ್ನೇ ನೋಡಬೇಕು. ತಂದೆಯ ಅಧಿಕಾರದ ಬಲದಿಂದ ಬಂದ ಅವಕಾಶ ಎಂಬ ಟೀಕೆ ನ್ಯಾಯವೇ. ಅದಕ್ಕಾಗಿ ಎರಡನ್ನು ಸೊನ್ನೆ ಮಾಡುವ ಅಗತ್ಯವಿಲ್ಲ.