ಹತ್ತು ಲೀಟರ್ ಪೆಟ್ರೋಲ್ ಉಳಿಸಲು ಹೋಗಿ ಕೆಡುವ ಸ್ಪ್ರಿಂಟ್ ದಿನ

ಬ್ರಿಟನ್ನಿನ ಸ್ಪ್ರಿಂಟ್ ಅಂದರೆ ಹತ್ತಾರು ಕಾರುಗಳು ಒಟ್ಟಿಗೆ ನುಗ್ಗುವ ರೇಸ್ ಅಲ್ಲ. ಟ್ರ್ಯಾಕಿಗೆ ಬಿಡುವುದು ಒಂದೊಂದೇ ಕಾರನ್ನು, ಪೈಪೋಟಿ ಗಡಿಯಾರದ ಜೊತೆ. ಲಿಚ್‌ಫೀಲ್ಡ್ ಹತ್ತಿರದ ಕರ್ಬರೋದಂಥ ಪುಟ್ಟ ಟ್ರ್ಯಾಕಿನಲ್ಲಿ ಒಂದು ಸುತ್ತು ನಿಮಿಷದೊಳಗೆ ಮುಗಿಯುತ್ತದೆ. ಸಾಮಾನ್ಯವಾಗಿ ಬೆಳಿಗ್ಗೆ ಎರಡು ಅಭ್ಯಾಸದ ಓಟ, ಮಧ್ಯಾಹ್ನ ಲೆಕ್ಕಕ್ಕೆ ಬರುವ ಎರಡು ಓಟ. ಆ ಎರಡರಲ್ಲಿ ಉತ್ತಮ ಸಮಯವೇ ಫಲಿತಾಂಶ. ನಸುಕಿಗೇ ಎದ್ದು ಹೊರಟವರಿಗೂ ಇಡೀ ದಿನದಲ್ಲಿ ದಕ್ಕುವ ಚಾಲನೆ ನಾಲ್ಕು ನಿಮಿಷಕ್ಕಿಂತ ಕಡಿಮೆ. ಇಷ್ಟು ಕಡಿಮೆ ಸಿಗುವಾಗ ಒಂದೊಂದು ಓಟವನ್ನೂ ಕಾಪಾಡಿಕೊಳ್ಳಬೇಕು. ಹವ್ಯಾಸಿ ಚಾಲಕರು ಎಡವುವುದು ಇಲ್ಲೇ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಪೆಟ್ರೋಲನ್ನೇ ನೋಡಿ. ತೂಕ ಇಳಿಸಬೇಕೆಂದು ಟ್ಯಾಂಕಿನಲ್ಲಿ ಐದಾರು ಲೀಟರ್ ಮಾತ್ರ ಇಟ್ಟುಕೊಂಡು ಬರುವವರಿದ್ದಾರೆ. ಹತ್ತು ಲೀಟರ್ ಪೆಟ್ರೋಲಿನ ತೂಕ ಸುಮಾರು ಏಳೂವರೆ ಕೆಜಿ. ಸಾವಿರ ಕೆಜಿಯ ಕಾರಿಗೆ ಅದು ಶೇಕಡಾ ಒಂದೂ ಆಗುವುದಿಲ್ಲ. ಆದರೆ ಉದ್ದನೆಯ ತಿರುವಿನಲ್ಲಿ ಇದ್ದಬದ್ದ ಪೆಟ್ರೋಲೆಲ್ಲ ಟ್ಯಾಂಕಿನ ಒಂದು ಮಗ್ಗುಲಿಗೆ ಸರಿದು ಪಂಪ್ ಗಾಳಿ ಎಳೆಯತೊಡಗುತ್ತದೆ, ಎಂಜಿನ್ ಮುಗ್ಗರಿಸುತ್ತದೆ. ಅರ್ಧ ಸೆಕೆಂಡ್ ಅಲ್ಲೇ ಹೋಯಿತು. ಅದಕ್ಕಿಂತ ದೊಡ್ಡ ನಷ್ಟ ಆಮೇಲೆ ಆಗುತ್ತದೆ. ಕಾರುಗಳನ್ನು ನಿಲ್ಲಿಸಿ ಸರಿಪಡಿಸುವ ಪ್ಯಾಡಕ್‌ಗೆ ಬಂದವರು ಇಗ್ನಿಷನ್ ದೋಷವಿರಬೇಕೆಂದು ಕಾಯಿಲ್ ಬದಲಿಸುತ್ತಾರೆ, ಪ್ಲಗ್ ಬಿಚ್ಚುತ್ತಾರೆ, ಊಟ ಬಿಡುತ್ತಾರೆ, ಮುಂದಿನ ಓಟದಲ್ಲಿ ಮತ್ತೆ ಅದೇ ಕಥೆ. ಗುರುತು ಹಿಡಿಯುವುದು ಕಷ್ಟವಲ್ಲ. ಒಂದೇ ದಿಕ್ಕಿನ ತಿರುವಿನಲ್ಲಿ ಮಾತ್ರ ಎಂಜಿನ್ ಕಟ್ ಆಗಿ, ನೇರ ದಾರಿಗೆ ಬಂದ ಕೂಡಲೇ ಸರಿಹೋದರೆ ಮೊದಲು ಅನುಮಾನಿಸಬೇಕಾದ್ದು ಪೆಟ್ರೋಲನ್ನು. ನೇರ ದಾರಿಯಲ್ಲೂ ಎಂಜಿನ್ ಮೇಲೆ ಭಾರ ಬಿದ್ದಾಗೆಲ್ಲ ಮಿಸ್ ಹೊಡೆದರೆ ಆಗ ಕಾಯಿಲ್, ಪ್ಲಗ್ ನೋಡಿ. ರಸ್ತೆ ಕಾರಿನ ಮೂಲ ಟ್ಯಾಂಕಾದರೆ ಅರ್ಧ ತುಂಬಿಸಿಕೊಂಡೇ ಬನ್ನಿ. ಎಂಜಿನ್ ಆಯಿಲ್ ಕೂಡ ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಯ ತನಕ ಇರಲಿ. ಅಲ್ಲಿ ಪಂಪ್ ಗಾಳಿ ಎಳೆದರೆ ಹೋಗುವುದು ಬೇರಿಂಗ್, ಅರ್ಧ ಸೆಕೆಂಡ್ ಅಲ್ಲ.

ಟೈರಿನ ಗಾಳಿಯದು ಇನ್ನೊಂದು ತಪ್ಪು ಲೆಕ್ಕ. ಪೈಪೋಟಿಯಿಲ್ಲದೆ ಟ್ರ್ಯಾಕಿನಲ್ಲಿ ಓಡಿಸಲು ಬಿಡುವ ಟ್ರ್ಯಾಕ್ ಡೇಯಲ್ಲಿ ಇಪ್ಪತ್ತು ನಿಮಿಷ ಓಡಿಸಿದಾಗ ಟೈರ್ ಬಿಸಿಯಾಗಿ ಒತ್ತಡ ಏರುತ್ತದೆಂದು ಮೊದಲೇ ಇಳಿಸಿಟ್ಟಿರುತ್ತೇವೆ. ಸ್ಪ್ರಿಂಟಿನಲ್ಲಿ ಬಿಸಿಯಾಗಲು ಸಮಯವೇ ಇಲ್ಲ. ಅದೇ ಅಂಕಿ ಇಟ್ಟರೆ ಟೈರಿನ ಪಕ್ಕೆ ಮಡಚಿಕೊಂಡು ಸ್ಟೀರಿಂಗ್ ಜೊಳಜೊಳ ಅನ್ನುತ್ತದೆ. ಬಿಸಿಯಾದಾಗ ಎಷ್ಟಿರಬೇಕೋ ಹೆಚ್ಚುಕಡಿಮೆ ಅಷ್ಟನ್ನು ತಣ್ಣಗಿರುವಾಗಲೇ ತುಂಬಿಸಿ. ಸಾವಿರ ಕೆಜಿ ಕಾರಿಗೆ 24ರಿಂದ 28 ಪಿಎಸ್‌ಐ ನಡುವೆ ಶುರುಮಾಡಬಹುದು. ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಆದ್ದರಿಂದ ಒಂದು ಮಗ್ಗುಲಿಗೆ ಮಾತ್ರ ಬಿಸಿಲು ಬೀಳುವಂತೆ ಕಾರು ನಿಲ್ಲಿಸಿದ್ದರೆ ಆ ಬದಿಯ ಟೈರುಗಳಿಗೆ ಹೊದಿಕೆ ಹಾಕಿ.

ಬ್ರೇಕ್ ಪ್ಯಾಡಿಗೂ ಇದೇ ಮಾತು. ಪೂರಾ ರೇಸಿಗೆಂದು ಮಾಡಿದ ಪ್ಯಾಡು ಬಿಸಿಯಾಗದೆ ಕಚ್ಚುವುದಿಲ್ಲ, ಮೊದಲ ತಿರುವಿನಲ್ಲೇ ಕಾರನ್ನು ಹುಲ್ಲಿಗೆ ಇಳಿಸುತ್ತದೆ. ತಣ್ಣಗಿದ್ದಾಗಲೂ ಹಿಡಿಯುವ ಫಾಸ್ಟ್ ರೋಡ್ ಪ್ಯಾಡೇ ಇಲ್ಲಿಗೆ ಸರಿ, ಅಗ್ಗವೂ ಹೌದು.

ಸ್ಟಾರ್ಟ್ ಲೈನಿನಲ್ಲಿ ಆಗುವ ಗಾಬರಿಗೆ ಕಾರಣವೇ ಇಲ್ಲ. ಕಾರು ಹಿಂದೆ ಜಾರದಂತೆ ಚಕ್ರದ ಹಿಂದೆ ಅಡ್ಡತುಂಡು ಇಟ್ಟಿರುತ್ತಾರೆ. ಹಸಿರು ದೀಪ ಬಂದರೆ ಹೊರಡಬಹುದು ಅಂತ ಅರ್ಥ, ತಕ್ಷಣ ಹೊರಡಬೇಕು ಅಂತಲ್ಲ. ಮುಂದಿನ ಬಂಪರಿಗೆ ಕಟ್ಟಿದ ಟೈಮಿಂಗ್ ಸ್ಟ್ರಟ್ ಎಂಬ ಪಟ್ಟಿ ಬೆಳಕಿನ ಕಿರಣವನ್ನು ಕಡಿದಾಗಲೇ ಗಡಿಯಾರ ಶುರು. ಆ ಪಟ್ಟಿಯನ್ನು ಒಂದೇ ಕೇಬಲ್ ಟೈಯಲ್ಲಿ ನೇತುಹಾಕಬೇಡಿ. ಕಳಚಿ ಬಿದ್ದರೆ ನಿಮ್ಮ ಸಮಯವನ್ನು ನಂಬುವ ಹಾಗಿಲ್ಲ. ಮೊದಲ 64 ಅಡಿಯ ಸಮಯವನ್ನೂ ಬೇರೆಯಾಗಿ ಅಳೆದು ಕೊಡುವ ಕಡೆ ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಆರು ಸಾವಿರ ಆರ್‌ಪಿಎಂನಲ್ಲಿ ಕ್ಲಚ್ ಹಠಾತ್ತನೆ ಬಿಟ್ಟರೆ ಹೊಗೆ ಚೆನ್ನಾಗಿ ಕಾಣುತ್ತದೆ, ಸಮಯ ಬಿಗಡಾಯಿಸುತ್ತದೆ, ಒಮ್ಮೊಮ್ಮೆ ಡ್ರೈವ್‌ಶಾಫ್ಟ್ ಜಾಯಿಂಟೇ ಮುರಿಯುತ್ತದೆ. ಐನೂರು ಐನೂರು ಆರ್‌ಪಿಎಂ ಇಳಿಸುತ್ತಾ ಅಂಕಿ ಹೋಲಿಸಿ.

ಓಟ ಮುಗಿದ ಕೂಡಲೇ ಬಾನೆಟ್ ತೆರೆಯಿರಿ. ಎಂಜಿನ್ ನಿಂತರೆ ನೀರಿನ ಪಂಪೂ ನಿಲ್ಲುತ್ತದೆ, ಒಳಗಿನ ಕಾವು ಸುತ್ತಲಿನ ಭಾಗಗಳಿಗೆಲ್ಲ ಹಬ್ಬುತ್ತದೆ. ಒಳಗೆ ಹೋಗುವ ಗಾಳಿ ಬಿಸಿ ಎಂದು ಸೆನ್ಸರ್ ಹೇಳಿದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ಕಾರು ಸೋಮಾರಿಯಾಗುತ್ತದೆ. ಕಾರ್ಬುರೇಟರ್ ಇರುವ ಹಳೆಯ ಕಾರಾದರೆ ಪೆಟ್ರೋಲ್ ಆವಿಯಾಗಿ ಸ್ಟಾರ್ಟೇ ಆಗದೆ ಕೂರುತ್ತದೆ.

ಓಟಕ್ಕೆ ಬಿಡುವ ಮೊದಲು ಕಾರಿಗೆ ಆಗುವ ತಪಾಸಣೆಯ ವಿಷಯ ಹೆಚ್ಚು ಹೇಳಬೇಕಿಲ್ಲ. ಅಲುಗಾಡುವ ಬ್ಯಾಟರಿ, ಅರ್ತ್ ವೈರಿಗೆ ಹಳದಿ ಟೇಪ್ ಇಲ್ಲದಿರುವುದು, ಪೂರ್ತಿ ಹಿಂದಿರುಗದ ಥ್ರಾಟಲ್, ಆಟ ಕೊಡುವ ವೀಲ್ ಬೇರಿಂಗ್. ಇವೆಲ್ಲ ಹಿಂದಿನ ವಾರ ಮನೆಯಲ್ಲೇ ನೋಡಿಕೊಳ್ಳುವಂಥವು. ಟ್ರ್ಯಾಕಿಗೆ ಹೋಗಿ ಚಕ್ರ ಬದಲಿಸಿದರೆ ಟಾರ್ಕ್ ರೆಂಚಿನಿಂದ ಕೈಪಿಡಿಯ ಅಂಕಿಗೆ ಬಿಗಿ ಮಾಡಿ, ಮೊದಲ ಓಟದ ನಂತರ ಮತ್ತೊಮ್ಮೆ ನೋಡಿ.

ಏನಾದರೂ ಕೆಟ್ಟಾಗ ಒಂದು ಓಟಕ್ಕೆ ಒಂದೇ ಬದಲಾವಣೆ ಮಾಡಿ. ಗಾಳಿ, ಡ್ಯಾಂಪರ್, ಪ್ಲಗ್ ಮೂರನ್ನೂ ಒಟ್ಟಿಗೆ ಮುಟ್ಟಿದರೆ ಯಾವುದು ಕೆಲಸ ಮಾಡಿತೆಂದು ಯಾರಿಗೂ ತಿಳಿಯದು. ಮಿಸ್ ಹೊಡೆಯುವ ಎಂಜಿನ್ನಿನಲ್ಲಿ ಇನ್ನೊಂದು ಓಟ ಪ್ರಯತ್ನಿಸಬಹುದು. ಬ್ರೇಕ್, ಸ್ಟೀರಿಂಗ್, ವೀಲ್ ಬೇರಿಂಗ್‌ಗಳಲ್ಲಿ ದೋಷ ಕಂಡರೆ ಆ ಪ್ರಯತ್ನ ಬೇಡವೇ ಬೇಡ. ಕಾರಿನ ಕೆಳಗೆ ಆಯಿಲ್ ತೊಟ್ಟಿಕ್ಕುತ್ತಿದ್ದರಂತೂ "ಇದೊಂದು ಓಟ ಆಗಿಬಿಡಲಿ" ಅನ್ನುವ ಆಸೆಯನ್ನು ದಯವಿಟ್ಟು ಬಿಡಿ. ನಿಮ್ಮ ಆಯಿಲ್ ಟ್ರ್ಯಾಕಿಗೆ ಬಿದ್ದರೆ ಸಿಮೆಂಟ್ ಪುಡಿ ಹಾಕಿ ಗುಡಿಸುವ ತನಕ ಎಲ್ಲರೂ ಕಾಯಬೇಕು, ಆಮೇಲೂ ಆ ತಿರುವು ಜಾರುತ್ತಲೇ ಇರುತ್ತದೆ. ಅವರಿಗೂ ದಿನಕ್ಕೆ ಸಿಗುವುದು ನಾಲ್ಕೇ ಓಟ.