ಓನರ್ ಗೇಟಿಗೆ ಪೇಂಟ್ ಹೊಡಿಸ್ತಾವ್ನೆ

ಬೆಂಗಳೂರಿನಲ್ಲಿ ಕೂತು ಕತೆ ಬರೆಯೋಕಾಗಲ್ಲ ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಟ್ರಾಫಿಕ್ಕು, ಆಫೀಸು, ಮನೆ ಸಾಲದ ಕಂತು, ಮಕ್ಕಳ ಹೋಂವರ್ಕು. ಇದರ ಮಧ್ಯೆ ಸ್ಫೂರ್ತಿ ಎಲ್ಲಿಂದ ಬರಬೇಕು ಅಂತಾರೆ. ಸಕಲೇಶಪುರದ ಕಡೆ ಒಂದು ತೋಟದ ಮನೆ ಇದ್ದಿದ್ದರೆ ಬರೆದೇ ಬಿಡುತ್ತಿದ್ದರಂತೆ. ಮಳೆ, ಮಂಜು, ಕಿಟಕಿ ಪಕ್ಕ ಮೇಜು, ಒಂದು ಲೋಟ ಕಾಫಿ. ಹಾಗೆ ಹೋಂಸ್ಟೇ ಬುಕ್ ಮಾಡಿಕೊಂಡು ಬರೆಯೋಕೆ ಅಂತಲೇ ಹೋಗಿಬಂದವರನ್ನೂ ನೋಡಿದ್ದೇನೆ. ಫೋಟೋ ಬಂತು. ಕತೆ ಬರಲಿಲ್ಲ.

ನಾನು ಹೇಳೋದು ಉಲ್ಟಾ. ಕತೆಗೆ ಬೇಕಾದ್ದೆಲ್ಲ ಈ ಗಲಾಟೆಯಲ್ಲೇ ಬಿದ್ದಿದೆ. ಅದನ್ನು ಕೇಳಿಸಿಕೊಳ್ಳೋಕೆ ಕಿವಿ ಬೇಕು, ಆಮೇಲೆ ಸ್ವಲ್ಪ ಧೈರ್ಯ ಬೇಕು. ಆ ಧೈರ್ಯ ಎಲ್ಲಿ ಬೇಕಾಗುತ್ತೆ ಅನ್ನೋದರಲ್ಲೇ ಎಷ್ಟೋ ಜನರ ಲೆಕ್ಕ ತಪ್ಪುತ್ತೆ.

ಮೊದಲು ಈ ‘ಟೈಮಿಲ್ಲ’ ಅನ್ನೋದನ್ನ ಮುಗಿಸಿಬಿಡೋಣ. ಕನ್ನಡದಲ್ಲಿ ಬರೀ ಬರೆದು ಸಂಸಾರ ಸಾಗಿಸಿದವರು ಎಷ್ಟು ಜನ ಇದ್ದಾರೆ? ಮಾಸ್ತಿ ಮೈಸೂರು ಸರ್ಕಾರದ ಅಧಿಕಾರಿ. ಮೊದಲ ಕಥಾಸಂಕಲನ ಬಂದದ್ದು 1920ರಲ್ಲಿ, ನೌಕರಿ ಬಿಟ್ಟದ್ದು 1943ರಲ್ಲಿ. ನಡುವಿನ ಅಷ್ಟೂ ವರ್ಷ ಕಡತವನ್ನೂ ನೋಡಿದರು, ಕತೆಯನ್ನೂ ಬರೆದರು. ಕೆ.ಎಸ್. ನರಸಿಂಹಸ್ವಾಮಿ ಸರ್ಕಾರಿ ಗುಮಾಸ್ತರಾಗಿದ್ದರು. ನಿಸಾರ್ ಅಹಮದ್ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುತ್ತಿದ್ದರು. ವಸುಧೇಂದ್ರ ವರ್ಷಗಟ್ಟಲೆ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿದವರು. ಹಾಗಾಗಿ ಕೆಲಸ ಬಿಟ್ಟು ಬರೀತೀನಿ ಅನ್ನುವವರನ್ನು ಕಂಡರೆ ನನಗೆ ಗಾಬರಿಯೇ ಆಗುತ್ತೆ. ಒಂದನೇ ತಾರೀಕು ಬಾಡಿಗೆಗೆ ದುಡ್ಡಿಲ್ಲದಿದ್ದರೆ ತಲೆ ಓಡೋದು ದುಡ್ಡಿನ ಕಡೆ ತಾನೇ? ಕತೆಯಲ್ಲಿ ಬರುವ ಹೆಂಗಸು ಯಾಕೆ ಹಾಗೆ ನಡೆದುಕೊಂಡಳು ಅಂತ ಯೋಚಿಸೋಕೆ ಆಗುತ್ತಾ?

ನಾನಂತೂ ಅಕೌಂಟ್ಸ್ ಸೆಕ್ಷನ್ನಿನವಳು. ಮಾರ್ಚ್ ತಿಂಗಳಲ್ಲಿ ಒಂದಕ್ಷರ ಬರೆಯೋಲ್ಲ. ಬೇಜಾರೂ ಮಾಡಿಕೊಳ್ಳಲ್ಲ.

ಬನಶಂಕರಿಯಿಂದ ರಿಂಗ್ ರೋಡಿನಲ್ಲಿ ಹೋಗುವ 500 ಸೀರೀಸಿನ ಬಸ್ಸಿನಲ್ಲಿ ನನ್ನ ಓಡಾಟ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಈ ಬಸ್ಸಿನ ಸದ್ದೇ ಬದಲಾಯಿತು. (ಅದರ ರಾಜಕೀಯ ಇಲ್ಲಿ ಬೇಡ, ದಯವಿಟ್ಟು.) ಒಂದೆರಡು ಸ್ಟಾಪ್ ಅಂತ ನಡೆದೇ ಹೋಗುತ್ತಿದ್ದವರೂ ಈಗ ಆಧಾರ್ ಕಾರ್ಡ್ ಹಿಡಿದು ಹತ್ತುತ್ತಾರೆ. ಮನೆಕೆಲಸದವರು, ಗಾರ್ಮೆಂಟ್ಸ್ ಹುಡುಗಿಯರು, ಹೂವಿನ ಬುಟ್ಟಿ ಕಾಲ ಸಂದಿಯಲ್ಲಿ ಇಟ್ಟುಕೊಂಡ ಅಜ್ಜಿಯರು. ಮುಂದಿನ ಅರ್ಧ ಬಸ್ಸಿನಲ್ಲಿ ಮಾತೋ ಮಾತು. ಇಯರ್‌ಫೋನ್ ಹಾಕಿಕೊಂಡು ಕೂತರೆ ನಷ್ಟ ನಮಗೇ.

ಒಂದು ದಿನ ನನ್ನ ಹಿಂದಿನ ಸೀಟಿನಲ್ಲಿ ಕೇಳಿದ ಮಾತು ಇದು.

“ನಮ್ ಓನರ್ ಗೇಟಿಗೆ ಪೇಂಟ್ ಹೊಡಿಸ್ತಾವ್ನೆ ಕಣಕ್ಕ. ಇನ್ನೇನು, ಬಾಡ್ಗೆ ಏರ್ಸ್ತಾನೆ.”

“ಯಾವ್ ಬಣ್ಣ?”

“ಕರೀದು. ಮೇಲ್ಗಡೆ ಚೂಪಿಗೆ ಗೋಲ್ಡು.”

“ಗೋಲ್ಡಾ? ಹಂಗಾದ್ರೆ ಸಾವ್ರ ಏರ್ಸ್ತಾನೆ ಬಿಡು.”

ಇಬ್ಬರೂ ಜೋರಾಗಿ ನಕ್ಕರು. ಕದಿರೇನಹಳ್ಳಿ ಕ್ರಾಸಿನಲ್ಲಿ ಇಳಿದು ಹೋದರು. ನಾನು ಮುಖವನ್ನೂ ನೋಡಲಿಲ್ಲ.

ವಾಟ್ಸಾಪಿನಲ್ಲಿ ನನಗೆ ನಾನೇ ಮೆಸೇಜ್ ಹಾಕಿಕೊಳ್ಳುವ ಚಾಟ್ ಒಂದಿದೆ. ಹಾಲಿನ ಲೆಕ್ಕ, ಗ್ಯಾಸ್ ಬುಕಿಂಗ್ ನಂಬರು, ಮಧ್ಯೆ ಮಧ್ಯೆ ಇಂಥ ಮಾತುಗಳು. ಕೇಳಿದ್ದನ್ನು ಕೇಳಿದ ಹಾಗೇ ಬರೆದುಕೊಳ್ಳುತ್ತೇನೆ. ‘ಮನೆಯ ಮಾಲೀಕರು ಗೇಟಿಗೆ ಬಣ್ಣ ಬಳಿಸುತ್ತಿದ್ದಾರೆ’ ಅಂತ ತಿದ್ದಿದರೆ ಅದರಲ್ಲಿ ಇನ್ನೇನು ಉಳಿಯುತ್ತೆ, ಹೇಳಿ. ಚಂದದ ನೋಟ್‌ಬುಕ್ ಕೊಂಡು ಸಾಹಿತಿಯ ಹಾಗೆ ಬರೆದಿಡುವ ಆಸೆ ನನಗೂ ಇತ್ತು. ನಿಂತುಕೊಂಡು ಹೋಗುವ ಬಸ್ಸಿನಲ್ಲಿ ಅದೆಲ್ಲ ನಡೆಯೋಲ್ಲ. ಒಂದು ಕೈ ಕಂಬಿಗೆ ಬೇಕು.

ಆ ಮಾತು ಸುಮ್ನೆ ಬಿದ್ದಿತ್ತು. ಒಂದು ಭಾನುವಾರ ಒಣಗಿದ ಬಟ್ಟೆ ಮಡಚುವಾಗ ಇದ್ದಕ್ಕಿದ್ದ ಹಾಗೆ ಅನಿಸಿತು, ಆ ಗೇಟಿಗೆ ಬಣ್ಣ ಹೊಡೆಯೋನು ಯಾರು? ಆಕೆಯ ಗಂಡನೇ ಪೇಂಟರ್ ಆಗಿದ್ದರೆ? ಓನರ್‌ಗೆ ಕೈಗೆ ಸಿಗೋದು ವಠಾರದಲ್ಲೇ ಇರೋ ಅವನೇ ತಾನೇ. ಎರಡು ದಿನದ ಕೂಲಿ ಸಿಗುತ್ತೆ. ಆದರೆ ಗೇಟು ಹೊಳೆದಷ್ಟೂ ಅವನ ಬಾಡಿಗೆ ಏರುತ್ತೆ. ಅವನು ಒಪ್ಪಿಕೊಳ್ತಾನಾ? ಒಪ್ಪಿಕೊಂಡರೆ ಹೆಂಡತಿಗೆ ಏನಂತ ಹೇಳ್ತಾನೆ? ತುಕ್ಕಿನ ಮೇಲೇ ಒಂದು ಕೋಟ್ ಹೊಡೆದು, ಮುಂದಿನ ಮಳೆಗಾಲಕ್ಕೆ ಸಿಪ್ಪೆ ಏಳಲಿ ಅಂತ ಬಿಡ್ತಾನಾ? ಅಥವಾ ಕೆಲಸದ ಮರ್ಯಾದೆ ಅಂತ ಎಮರಿ ಪೇಪರ್ ಹಾಕಿ ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಒಣಗಿಸಿ, ಕಪ್ಪು ಎರಡು ಕೋಟ್ ಹೊಡೆದು, ಚೂಪುಗಳಿಗೆ ಸಣ್ಣ ಬ್ರಶ್ಶಿನಲ್ಲಿ ಒಂದೊಂದಾಗಿ ಗೋಲ್ಡ್ ಹಚ್ತಾನಾ? ಅವನು ಎರಡನೆಯದನ್ನೇ ಮಾಡ್ತಾನೆ ಅಂತ ನನಗೆ ಗೊತ್ತಾದ ಗಳಿಗೆಯಲ್ಲಿ ಕತೆ ಸಿಕ್ಕಿತು. ಬಟ್ಟೆ ಹಾಗೇ ಉಳಿಯಿತು.

ಸ್ಫೂರ್ತಿ ಅಂದರೆ ನನಗೆ ಇಷ್ಟೇ. ಯಾರದೋ ಮಾತು, ಅದರ ಬೆನ್ನಿಗೆ ಒಂದು ಪ್ರಶ್ನೆ.

ಕೇಳಿಸಿಕೊಂಡದ್ದರಿಂದ ಎಂಥದ್ದು ಹುಟ್ಟಬಹುದು ಅನ್ನೋದಕ್ಕೆ ಎಂ.ಕೆ. ಇಂದಿರಾ ಅವರಿಗಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಸ್ಕೂಲು ಕಲಿತದ್ದು ಕಮ್ಮಿ, ಚಿಕ್ಕ ವಯಸ್ಸಿಗೇ ಮದುವೆ. ಕಾದಂಬರಿ ಬರೆಯೋಕೆ ಕೂತದ್ದು 45ರ ಆಸುಪಾಸಿನಲ್ಲಿ. 1963ರಲ್ಲಿ ‘ತುಂಗಭದ್ರ’ ಬಂತು. 1976ರ ‘ಫಣಿಯಮ್ಮ’ನಿಗೆ ಮೂಲ, ಚಿಕ್ಕಂದಿನಲ್ಲಿ ಅವರು ಕಂಡಿದ್ದ ಒಬ್ಬ ವಿಧವೆ. ಆಕೆ ಇಂದಿರಾ ಅವರ ತಾಯಿಯ ಹತ್ತಿರ ತನ್ನ ಬದುಕನ್ನು ಹೇಳಿಕೊಂಡದ್ದು ಈ ಹುಡುಗಿಯ ಕಿವಿಗೆ ಬಿದ್ದಿತ್ತು. ದೊಡ್ಡವರು ಮಾತಾಡುವಾಗ ‘ಹೋಗಿ ಆಟ ಆಡ್ಕೋ’ ಅಂದರೂ ಹೋಗದೆ ಕೂರುವ ಮಕ್ಕಳಿರುತ್ತಾರಲ್ಲ, ಕತೆ ಬರೆಯೋರು ಆ ಜಾತಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಮೊದಲ ಪುಸ್ತಕಕ್ಕೆ ಪ್ರೋತ್ಸಾಹಧನ ಕೊಡುತ್ತದೆ, ಒಳ್ಳೆಯ ಯೋಜನೆ. ಆದರೆ ವಯಸ್ಸಿನ ಮಿತಿ ಇದೆ. ಇಂದಿರಾ ಅವರು ಇವತ್ತು ಅರ್ಜಿ ಹಾಕಿದ್ದರೆ ಸಿಗುತ್ತಿರಲಿಲ್ಲ! ನಲವತ್ತು ದಾಟಿತು, ಇನ್ನೇನು ಬರೆಯೋದು ಅನ್ನುವವರಿಗೆ ನಾನು ಇದನ್ನೇ ಹೇಳೋದು.

ಇನ್ನು ಧೈರ್ಯದ ವಿಷಯ. ಹೊಸ ಕನ್ನಡ ಕಥಾಸಂಕಲನ ತೆಗೆದು ಮೊದಲ ಪುಟಗಳಲ್ಲಿ ಸಣ್ಣ ಅಕ್ಷರದ್ದನ್ನು ಓದಿ. ‘ಪ್ರತಿಗಳು: 1000’ ಅಂತ ಇರುತ್ತೆ. ಕೆಲವಕ್ಕೆ ಅಷ್ಟೂ ಇಲ್ಲ. ಇಷ್ಟು ದೊಡ್ಡ ಊರಿನಲ್ಲಿ, ಇಷ್ಟು ದೊಡ್ಡ ರಾಜ್ಯದಲ್ಲಿ ಸಾವಿರ ಪ್ರತಿ. ಇದನ್ನು ನೋಡಿ ಅಳುವವರಿದ್ದಾರೆ. ನನಗೆ ಒಂಥರಾ ನಿರಾಳ. ಲೋಕ ಏನನ್ನುತ್ತೋ ಅಂತ ಹೆದರೋಕೆ ಲೋಕ ಓದ್ತಾನೇ ಇಲ್ವಲ್ಲ! ಪತ್ರಿಕೆಗೆ ಕಳಿಸಿದ ಕತೆಗೆ ಉತ್ತರ ಬರದಿದ್ದರೆ ಇನ್ನೊಂದಕ್ಕೆ ಕಳಿಸಿದರಾಯಿತು. ದೀಪಾವಳಿ ಕಥಾಸ್ಪರ್ಧೆಗಳಿವೆ, ಹೊಸಬರ ಹಸ್ತಪ್ರತಿಗೆ ಬಹುಮಾನ ಕೊಟ್ಟು ಪ್ರಕಟಿಸುವ ಛಂದ ಪುಸ್ತಕದಂಥವರಿದ್ದಾರೆ. ಅಲ್ಲಿ ಬರದಿದ್ದರೆ ಪ್ರಾಣವೇನೂ ಹೋಗಲ್ಲ.

ನಿಜವಾಗಿ ಪ್ರಾಣಕ್ಕೇ ಬಂದ ಧೈರ್ಯದ ಕತೆಗಳು ಬೇರೆ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿಕೊಂಡೆವು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 12 ಕತೆಗಳು, ಮೂವತ್ತು ವರ್ಷಕ್ಕೂ ಜಾಸ್ತಿ ಅವಧಿಯಲ್ಲಿ ಬರೆದವು. ಹಾಸನದಲ್ಲಿ ವಕೀಲಿಕೆ ಮಾಡುತ್ತಾ ಬರೆದವರು ಅವರು. ಮಸೀದಿಗೆ ಹೆಂಗಸರೂ ಹೋಗಬೇಕು ಎಂದದ್ದಕ್ಕೆ 2000ದಲ್ಲಿ ಬಹಿಷ್ಕಾರ ಎದುರಿಸಿದವರು. ಅದರ ಮುಂದೆ ನಮ್ಮ ಭಯ ಹೇಳಿಕೊಳ್ಳೋಕೂ ನಾಚಿಕೆ.

ಆದರೂ ಭಯ ಇರೋದು ನಿಜ. ಅದು ಮನೆಯವರ ಭಯ. ನನ್ನ ಒಂದು ಕತೆಯಲ್ಲಿ ಚೀಟಿ ದುಡ್ಡು ಕಳೆದುಕೊಂಡ ಅಪ್ಪ ಬರುತ್ತಾರೆ. ನಮ್ಮ ಮನೆಯಲ್ಲಿ ಆದದ್ದೇ. ಆ ವಿಷಯವನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ, ಅಪ್ಪ ಹೋದ ಮೇಲಂತೂ ಇಲ್ಲವೇ ಇಲ್ಲ. ಕತೆ ಭಾನುವಾರದ ಪುರವಣಿಯಲ್ಲಿ ಬಂತು. ಅಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ನಾನು ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದೆ.

“ಹುಳಿಗೆ ಅಷ್ಟು ಬೆಲ್ಲ ಹಾಕೋದು ನಮ್ಮನೇಲಲ್ಲ ಕಣೇ, ನಿಮ್ಮತ್ತೆ ಮನೇಲಿ” ಅಂದರು.

ಅಷ್ಟೇ. ಕೆಲವು ದಿನ ಬಿಟ್ಟು, ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಅವರಾಗೇ ಶುರುಮಾಡಿದರು. “ಆವಾಗ ನಿಮ್ಮಪ್ಪ ರಾತ್ರಿಯೆಲ್ಲ ಮೆಟ್ಟಿಲ ಮೇಲೆ ಕೂತಿರ್ತಿದ್ರು. ಚೀಟಿಯವನು ಬಂದ್ರೆ ಮಿಸ್ ಆಗಬಾರದು ಅಂತ. ಅದನ್ಯಾಕೆ ಬರೀಲಿಲ್ಲ?” ಬರೆಯೋಕೆ ನನಗೆ ಗೊತ್ತೇ ಇರಲಿಲ್ಲ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಗೊತ್ತಿರಲಿಲ್ಲ. ನಾನು ಬರೆದದ್ದಕ್ಕೆ ಅಮ್ಮ ಹೇಳಿದರು.

ಎಲ್ಲರ ಮನೆಯಲ್ಲೂ ಹೀಗೇ ಆಗುತ್ತೆ ಅಂತಲ್ಲ. ಒಂದು ಕತೆಗೆ ಅಣ್ಣ ತಮ್ಮಂದಿರು ಮಾತು ಬಿಟ್ಟ ಮನೆಯೂ ನನಗೆ ಗೊತ್ತು. ಹಂಗಿಸೋಕೆ ಬರೆದದ್ದೋ, ಅರ್ಥ ಮಾಡಿಕೊಳ್ಳೋಕೆ ಬರೆದದ್ದೋ ಮನೆಯವರಿಗೆ ಗೊತ್ತಾಗಿಯೇ ಆಗುತ್ತೆ ಅಂತ ನನ್ನ ಅಂದಾಜು.

ಈಗಂತೂ ಅಮ್ಮನೇ ಆಫೀಸ್ ಟೈಮಿನಲ್ಲಿ ಫೋನ್ ಮಾಡುತ್ತಾರೆ. ಮೊನ್ನೆ ಎದುರುಮನೆಯವರ ನಿಶ್ಚಿತಾರ್ಥ ಮುರಿದದ್ದನ್ನು ವಿವರವಾಗಿ ಹೇಳಿ, “ಬರ್ಕೋ, ಚೆನ್ನಾಗಿ ಬರುತ್ತೆ. ಹೆಸರು ಮಾತ್ರ ಬದಲಾಯಿಸು, ಅವರೂ ಅದೇ ಪೇಪರ್ ತರಿಸೋದು” ಅಂದರು.