ಜೋಳ ಹಾಕಿದರೆ ಸುಣ್ಣಕಲ್ಲೂ ಹಾಕಿ

ಹೋದ ವರ್ಷ ಬಕ್ರೀದ್‌ಗೆ ಇನ್ನು ಇಪ್ಪತ್ತು ದಿನ ಇದೆ ಅನ್ನುವಾಗ ನಮ್ಮ ಟಗರು ಸತ್ತುಹೋಯಿತು. ಮರಿಯಲ್ಲೇ ಬೀಜ ಒಡೆಸಿ, ಕಟ್ಟಿ ಮೇಯಿಸಿದ್ದ ಟಗರು. ದಿನಾ ಮುಸುಕಿನ ಜೋಳದ ನುಚ್ಚು, ಬೂಸಾ. ಹುಲ್ಲು ಸುಮ್ನೆ ಹೆಸರಿಗೆ. ಬೇಗ ಮೈ ತುಂಬಲಿ ಅಂತ ನಾನೇ ಹಾಗೆ ಮಾಡಿದ್ದೆ.

ಅವತ್ತು ಬಾಲ ಎತ್ತಿ ಎತ್ತಿ ತಿಣುಕುತ್ತಿತ್ತು, ಹಲ್ಲು ಕಡಿಯುತ್ತಿತ್ತು. ಹಿಕ್ಕೆ ಕಟ್ಟಿದೆ ಅಂದುಕೊಂಡು ಹರಳೆಣ್ಣೆ ಕುಡಿಸಿದೆವು. ಕಟ್ಟಿದ್ದು ಉಚ್ಚೆ. ಡಾಕ್ಟರನ್ನು ಕರೆಸುವಷ್ಟರಲ್ಲಿ ಎರಡು ದಿನ ಕಳೆದಿತ್ತು. ಟಗರಿನ ಶಿಶ್ನದ ತುದಿಗೆ ಹುಳದ ಹಾಗೆ ಒಂದು ಸಣ್ಣ ಎಳೆ ಇರುತ್ತದೆ. ಅದನ್ನು ಕತ್ತರಿಸಿ, ಹಿಂಡಿ ನನ್ನ ಅಂಗೈಗೆ ಹಾಕಿದರು. ಮರಳಿನಂಥ ಹರಳು, ಉಜ್ಜಿದರೆ ಗರಗರ. ಆದರೆ ಒಳಗೆ ಮೂತ್ರಕೋಶ ಆಗಲೇ ಒಡೆದಿತ್ತು.

ದೃಷ್ಟಿಯಾಯಿತು ಅಂದರು ಜನ. ದೃಷ್ಟಿಯಲ್ಲ, ಜೋಳ. ಒಂದು ಕೆಜಿ ಜೋಳದಲ್ಲಿ ರಂಜಕ, ಅಂದರೆ ಫಾಸ್ಫರಸ್, ಸುಮಾರು 3 ಗ್ರಾಂ ಇದ್ದರೆ ಕ್ಯಾಲ್ಸಿಯಂ ಅರ್ಧ ಗ್ರಾಮೂ ಇಲ್ಲ. ಬೇಕಾದದ್ದು ತಿರುಗಾಮುರುಗಾ, ರಂಜಕದ ಎರಡರಷ್ಟು ಕ್ಯಾಲ್ಸಿಯಂ. ಬೂಸಾದಲ್ಲಂತೂ ರಂಜಕ ಇನ್ನೂ ಜಾಸ್ತಿ. ಹುಲ್ಲು ಮೆಲುಕು ಹಾಕುವಾಗ ಜೊಲ್ಲು ಚೆನ್ನಾಗಿ ಸುರಿದು, ಹೆಚ್ಚಿನ ರಂಜಕ ಅದರ ಜೊತೆ ಹೊಟ್ಟೆಗಿಳಿದು ಹಿಕ್ಕೆಯಲ್ಲಿ ಹೋಗುತ್ತದೆ. ಬರೀ ಕಾಳು ತಿಂದರೆ ಜೊಲ್ಲು ಕಮ್ಮಿ. ರಂಜಕ ಉಚ್ಚೆಗೆ ಬಂದು ಹರಳುಗಟ್ಟುತ್ತದೆ. ಮರಿಯಲ್ಲೇ ಬೀಜ ಒಡೆಸಿದ್ದಕ್ಕೆ ಉಚ್ಚೆಯ ನಾಳವೂ ಕಿರಿದು.

ನನಗೆ ಹೊಟ್ಟೆ ಉರಿಯುವುದು ಇದಕ್ಕೆ: ನಾನು ಮಿನರಲ್ ಮಿಕ್ಸ್ಚರ್ ಕೂಡ ಹಾಕುತ್ತಿದ್ದೆ. ಅಂಗಡಿಯಲ್ಲಿ ಕೊಟ್ಟಿದ್ದು ಹಸುವಿನದು. ಅದರಲ್ಲಿ ಕ್ಯಾಲ್ಸಿಯಂ ಜೊತೆ ರಂಜಕವೂ ದಂಡಿಯಾಗಿರುತ್ತದೆ. ಒಣ ಹುಲ್ಲು ತಿನ್ನುವ ಹಸುವಿಗೆ ಅದು ಸರಿ, ಜೋಳ ತಿನ್ನುವ ಟಗರಿಗಲ್ಲ. ತಾಮ್ರವೂ ಇರುತ್ತದೆ. ಕುರಿಯ ಈಲಿಯಲ್ಲಿ ಅದು ಕೂಡಿಕೊಂಡರೆ ವಿಷವೇ. ಕುರಿಗೆ ಅಂತ ಬೇರೆಯೇ ಕೇಳಿ ತನ್ನಿ.

ಅಮೆರಿಕದಲ್ಲಿ ಜೋಳ ಹಾಕಿ ಹೋರಿಗಳನ್ನು ಕೊಬ್ಬಿಸುವವರು ಕ್ಯಾಲ್ಸಿಯಂ ಸಿಗಲಿ ಅಂತ ಮೇವಿಗೆ ಸುಣ್ಣಕಲ್ಲಿನ ಪುಡಿ ಬೆರೆಸುವುದು ಮಾಮೂಲು. ಈಗ ನಾನೂ ಬೆರೆಸುತ್ತೇನೆ. ಎಲೆಗೆ ಹಚ್ಚುವ ಸುಣ್ಣ ಅಲ್ಲ, ಅದು ಬಾಯಿ ಸುಡುತ್ತದೆ. ಕೋಳಿ ಫಾರಂನವರು ಒಯ್ಯುವ ಪುಡಿ. ಕೆಜಿ ಜೋಳಕ್ಕೆ 15 ಗ್ರಾಂ, ಜೊತೆಗೆ 10 ಗ್ರಾಂ ಉಪ್ಪು. ಉಪ್ಪು ತಿಂದರೆ ನೀರು ಕುಡಿಯುತ್ತವೆ, ಅಲ್ವಾ? ಬೂಸಾ ಬಿಟ್ಟಿದ್ದೇನೆ. ಹುಲ್ಲು ಹೊಟ್ಟೆ ತುಂಬ.

ಈ ಸಲ ಎರಡು ಟಗರು ಇವೆ. ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ ಎರಡೂ ಉಚ್ಚೆ ಹೊಯ್ಯುವ ತನಕ ಅಲ್ಲೇ ನಿಂತಿರುತ್ತೇನೆ.